ಕೊಡವುವ ಗಂಟೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮೂರಿನಲ್ಲಿ ಯಾರೂ ಮಕ್ಕಳನ್ನು ನಿಲ್ಲಿಸಿ ಎಷ್ಟು ನಂಬರು ಬಂತು ಅಂತ ಕೇಳುವುದಿಲ್ಲ. "ಎಷ್ಟು ಉದುರ್ತೋ?" ಅಂತಲೇ ಕೇಳುವುದು. "ಮೂರೇ ಮೂರು ಕಣಜ್ಜಿ" ಅಂದರೆ ಅಜ್ಜಿ ತಲೆ ಸವರುತ್ತಾಳೆ. "ಹದಿನಾರು" ಅಂದರೆ ಅಪ್ಪನ ಕೈ ಚಪ್ಪಲಿ ಹುಡುಕುತ್ತದೆ. ಕ್ಷೌರದಂಗಡಿಯಲ್ಲಿ ಹುಡುಗರ ತಲೆ ಬಾಚುವಾಗ ಒಂದೊಂದು ಸಲ 'ಮಲ್ಲಿಗೆ', ಒಂದೊಂದು ಸಲ 'ಮಹಾಸಾಧ್ವಿ' ಬಾಚಣಿಗೆಗೆ ಸಿಕ್ಕಿಕೊಂಡು ಬರುತ್ತದೆ. ಕ್ಷೌರಿಕ ಅದನ್ನು ಊದಿ ಹಾರಿಸಿ ಮತ್ತೆ ಕತ್ತರಿ ಆಡಿಸುತ್ತಾನೆ. ತಾಯಂದಿರು ಯೂನಿಫಾರಂ ನೆನೆಹಾಕುವ ಮುಂಚೆ ಜೇಬುಗಳನ್ನು ಒಳಮಗ್ಗಲು ಮಾಡಿ ನೋಡುತ್ತಾರೆ. ಒಂದು ತಪ್ಪು ಉತ್ತರ ಬಕೆಟ್ಟಿಗೆ ಬಿದ್ದರೆ ಮನೆಮಂದಿಯ ಬಿಳಿ ಬಟ್ಟೆಯೆಲ್ಲ ನೀಲಿಯಾಗಿಬಿಡುತ್ತದೆ.

ಬೇರೆ ಊರಿನವರಿಗೆ ಇದು ಸೋಜಿಗ. ನಮಗಲ್ಲ. ನಮ್ಮೂರಿನ ಕಾಗದ ಬಿಟ್ಟ ಸ್ಥಳದ ಗೆರೆಯ ಮೇಲೆ ತಪ್ಪು ಪದವನ್ನು ಹಿಡಿದುಕೊಳ್ಳುವುದಿಲ್ಲ, ಅಷ್ಟೇ. ಶಾಯಿ ಆರಿದ ಮೇಲೆ ಪದ ಮೀನಿನ ಹುರುಪೆಯ ಹಾಗೆ ಎದ್ದುಕೊಳ್ಳುತ್ತದೆ, ಹಾಳೆ ಕೊಡವಿದರೆ ಉದುರುತ್ತದೆ. ಉಳಿದ ಕಡೆಯೆಲ್ಲ ಕಾಗದ ಕಾಗದದಂತೆಯೇ ಇರುತ್ತದೆ. ಜಮೀನಿನ ಪತ್ರದಲ್ಲಿ, ಓಟಿನ ಕರಪತ್ರದಲ್ಲಿ, ಬೆಳಗಿನ ಪೇಪರಿನಲ್ಲಿ ಎಂಥೆಂಥ ಸುಳ್ಳುಗಳು ಅಲುಗಾಡದೆ ಚಕ್ಕಮಕ್ಕಳ ಹಾಕಿ ಕೂತಿರುತ್ತವೆ. ಹದಿನೈದು ವರ್ಷದ ಮಕ್ಕಳ ಮುಂದಿನ ಆ ಒಂದಿಂಚಿನ ಗೆರೆಯ ಮೇಲೆ ಮಾತ್ರ ಅದಕ್ಕೆ ಎಲ್ಲಿಲ್ಲದ ಶಿಸ್ತು.

ಹಾಗಾಗಿ ನಮ್ಮ ಶಾಲೆಯಲ್ಲಿ 'ಊರ ಸಾಹಿತ್ಯ' ಎನ್ನುವ ವಿಷಯ ಪೂರ್ತಿ ಬಿಟ್ಟ ಸ್ಥಳಗಳಲ್ಲೇ ಇದೆ. ನಮ್ಮ ಸೀಮೆಯ ಲಾವಣಿ, ಬೀಸುವ ಪದ, ಒಗಟು, ಸೋಬಾನೆ ಎಲ್ಲದರ ಹೊಟ್ಟೆಯಿಂದ ಒಂದೊಂದು ಮಾತು ಕಿತ್ತು, ಅಲ್ಲಿ ಗೆರೆ ಎಳೆದು, ಪುಸ್ತಕ ಮಾಡಿದ್ದಾರೆ. ಮೇಷ್ಟ್ರು ಗೆರೆಯ ಮೇಲಿನ ಮಾತು ಹೇಳುತ್ತಾರೆ, ಮಕ್ಕಳು ತುಂಬುತ್ತಾರೆ. ಯಾವ ಹಾಡನ್ನೂ ಯಾರೂ ಮೊದಲಿನಿಂದ ಕೊನೆವರೆಗೆ ಕೇಳಿರುವುದಿಲ್ಲ. ಪರೀಕ್ಷೆಯಲ್ಲಿ ನಲವತ್ತು ಗೆರೆ, ಮೂರು ಸಲ ಗಂಟೆ. ಮೊದಲನೇ ಗಂಟೆಗೆ ಬರೆಯಲು ಶುರು, ಎರಡನೆಯದಕ್ಕೆ ಪೆನ್ನು ಕೆಳಗೆ, ಮೂರನೆಯದು ಕೊಡವುವ ಗಂಟೆ. ಆಗ ಮಕ್ಕಳೆಲ್ಲ ಎದ್ದು ನಿಂತು, ಹಾಳೆಯ ಎರಡು ತುದಿ ಹಿಡಿದು, ಒಟ್ಟಿಗೇ ಕೊಡವುತ್ತಾರೆ. ಒಣಗಿದ ಹುಣಸೆ ಎಲೆ ಸುರಿದಂತೆ ಒಂದು ಸದ್ದು. ಅದಾದ ಮೇಲೆ ಯಾವುದಾದರೂ ಒಂದು ಮೂಲೆಯಿಂದ ಬಿಕ್ಕಿನ ಸದ್ದು. ಹಾಳೆಗಳು ಊರಾಚೆ ಗುಡ್ಡದ ಮೇಲಿನ ಮೌಲ್ಯಮಾಪನದ ಕಚೇರಿಗೆ ಹೋಗುತ್ತವೆ. ಅಲ್ಲಿನವರು ಓದುವುದಿಲ್ಲ, ನಿಂತಿರುವುದನ್ನು ಎಣಿಸುತ್ತಾರೆ. ಉತ್ತರಗಳ ಪಟ್ಟಿ ಒಂದು ಕಾಲಕ್ಕೆ ಅಲ್ಲಿನ ಬೀರುವಿನಲ್ಲಿತ್ತಂತೆ, ಗೆದ್ದಲು ತಿಂದಿತಂತೆ. ಯಾರಿಗೂ ಅದು ಬೇಕೆನಿಸಲೂ ಇಲ್ಲ. ನಲವತ್ತರಲ್ಲಿ ಕೊನೆಯದು ನಕ್ಷತ್ರದ ಗೆರೆ. ಉಳಿದ ಮೂವತ್ತೊಂಬತ್ತೂ ನಿಂತು ಅದೊಂದು ಬಿದ್ದರೂ ಫೇಲು.

ನನ್ನ ಹೆಸರು ಹೊಂಬಾಳಮ್ಮ. ಈ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಿಟ್ಟ ಸ್ಥಳ ತುಂಬಿಸುತ್ತಿದ್ದೇನೆ. ಕೆಳಗೇರಿಯಿಂದ ಬಂದು ಇಲ್ಲಿ ಬಳಪ ಹಿಡಿದ ಮೊದಲನೆಯವಳು ನಾನು. ನನಗಿಂತ ಮುಂಚೆ ನಮ್ಮ ಕೇರಿಯಿಂದ ಈ ಶಾಲೆಯ ಕೆಲಸಕ್ಕೆ ಬಂದವಳು ಸಣ್ಣತಾಯವ್ವ ಒಬ್ಬಳೇ, ಅವಳು ಹಿಡಿದದ್ದು ಪೊರಕೆ. ಕೊಡವುವ ಗಂಟೆಯಾದ ಮೇಲೆ ಬೆಂಚಿನ ಕೆಳಗೆ ಬಿದ್ದ ತಪ್ಪುಗಳನ್ನೆಲ್ಲ ಗುಡಿಸಿ, ಮೊರಕ್ಕೆ ತುಂಬಿ, ಹಿತ್ತಲ ಗುಂಡಿಗೆ ಸುರಿಯುವುದು ಅವಳ ಕೆಲಸ. ನಲವತ್ತೊಂದು ವರ್ಷ ಮಾಡಿದ್ದಾಳೆ. ನಾನು ಹೇಳುತ್ತಿರುವ ಆ ವರ್ಷ ಜೂನಿಗೆ ಅವಳಿಗೆ ನಿವೃತ್ತಿ. ಅವಳ ಮೊಮ್ಮಗಳು ದೇವೀರಿ ನನ್ನ ಹತ್ತನೇ ತರಗತಿಯಲ್ಲಿದ್ದಳು.

ದೇವೀರಿ ಪಾಸಾದರೆ ನದಿಯಾಚೆಯ ಊರಿನ ಕಾಲೇಜು, ಹಾಸ್ಟೆಲ್ಲು. ಫೇಲಾದರೆ ಅಜ್ಜಿಯ ಪೊರಕೆ. ಆ ಕೆಲಸ ಅದೇ ಮನೆಯವರಿಗೆ ಹೋಗಬೇಕು ಅನ್ನುವುದು ನಮ್ಮಲ್ಲಿ ರೂಢಿ. ಹೆಡ್‌ಮೇಷ್ಟ್ರು ಗುರುಮಲ್ಲಪ್ಪನವರು ಖಾಲಿ ಹುದ್ದೆಯ ಅರ್ಜಿಯಲ್ಲಿ ಅವಳ ಹೆಸರು ಬರೆದು ಮಡಿಸಿ ಮೇಜಿನ ಡ್ರಾದಲ್ಲಿಟ್ಟಿದ್ದರು. "ಕೆಟ್ಟದ್ದಕ್ಕಲ್ಲ ಮೇಡಂ. ಒಂದ್ವೇಳೆ ಉದುರಿಹೋದ್ರೆ ಹುಡುಗಿ ಬೀದಿಗೆ ಬೀಳಬಾರದಲ್ಲ" ಎಂದು ನನಗೆ ತೋರಿಸಿದ್ದರು. ಪಾಪ, ಅವರು ಅದನ್ನು ಕರುಣೆ ಎಂದೇ ತಿಳಿದಿದ್ದರು. ಮೇಲಿನ ಬೀದಿಯ ಯಾವ ಮಗುವಿಗೂ ಅವರು ಹಾಗೆ ಮುಂಚಿತವಾಗಿ ಪೊರಕೆ ತೆಗೆದಿಟ್ಟಿರಲಿಲ್ಲ ಎಂಬುದು ಅವರಿಗೆ ಹೊಳೆದಂತಿರಲಿಲ್ಲ.

ನಕ್ಷತ್ರದ ಗೆರೆ ಇರುವುದು ಹಗೇವಿನ ಪದದಲ್ಲಿ. ಹಗೇವು ಅಂದರೆ ನೆಲದಲ್ಲಿ ಬಾವಿಯಂತೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚುವ ಕಣಜ. ಒಂದು ಕಾಲಕ್ಕೆ ನಮ್ಮೂರಿಗೆ ಬರ ಬಿದ್ದು ಜನ ಎಲೆ ಬೇಯಿಸಿ ತಿನ್ನುತ್ತಿದ್ದಾಗ ದೊರೆಯ ಏಳು ಹಗೇವುಗಳು ತುಂಬಿಕೊಂಡೇ ಇದ್ದವು. ಆಮೇಲೆ ಅವುಗಳ ಬಾಯಿ ತೆರೆಯಿತು, ಊರು ಉಳಿಯಿತು. ಪುಸ್ತಕದಲ್ಲಿರುವುದು ಒಂದೇ ಸಾಲು. 'ಹಸಿದೂರ ಹಗೇವಿನ ಕಲ್ಲ ಸರಿಸಿದ ಕೈ, ಖಾಲಿ ಗೆರೆ, ಕೈ.' ಗೆರೆಯ ಮೇಲೆ ನಿಲ್ಲುವ ಮಾತು 'ದೊರೆ'. ನನ್ನ ಮೇಷ್ಟ್ರು ನನಗೆ ಹೇಳಿಕೊಟ್ಟದ್ದು ಅದೇ, ನಾನು ಮಕ್ಕಳಿಗೆ ಹೇಳಿಕೊಟ್ಟದ್ದೂ ಅದೇ.

ಫೆಬ್ರವರಿಯ ಒಂದು ಬೆಳಿಗ್ಗೆ ಆ ಸಾಲು ತುಂಬಿಸುತ್ತಿದ್ದಾಗ ದೇವೀರಿ ಎದ್ದು ನಿಂತಳು. "ಮಿಸ್, ದೊರೆ ಒಳಗೂ ಇಳಿದ್ನಾ?"

"ಎಲ್ಲಿಗಮ್ಮ?"

"ಹಗೇವಿಗೆ. ಕಲ್ಲು ಸರಿಸಿಬಿಟ್ರೆ ರಾಗಿ ತಾನೇ ಮೇಲೆ ಬರುತ್ತಾ? ಯಾರಾದ್ರೂ ಇಳಿದು ಬುಟ್ಟಿ ತುಂಬಬೇಕಲ್ಲ. ರೇಷ್ಮೆ ಪಂಚೆ ಉಟ್ಕೊಂಡು ಇಳಿದ್ನಾ ಅಂತ."

ಹಿಂದಿನ ಬೆಂಚಿನಿಂದ ವೀರಭದ್ರ, ಮೇಲಿನ ಬೀದಿಯ ಹುಡುಗ, ತರಗತಿಯನ್ನು ನಗಿಸುವುದೇ ಅವನ ಕಸುಬು, "ಇಳಿದ ಕಣೆ, ಏಣಿ ಹಿಡ್ಕೊಳ್ಳೋಕೆ ಇಬ್ಬರು, ಮೂಗು ಮುಚ್ಚೋಕೆ ಒಬ್ಬ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಲ್ಲುವ ಮುಂಚೆಯೇ ದೇವೀರಿ ಹಾಡಲು ಶುರು ಮಾಡಿದ್ದಳು.

ಅವಳದು ಅಂಥ ಒಳ್ಳೆಯ ಕಂಠವೇನಲ್ಲ. ರಾಗಿಕಲ್ಲು ತಿರುಗಿದಂತೆ ಗರಗರ. ಆದರೆ ಹಾಡು ಪೂರ್ತಿ ಇತ್ತು. ಮೊದಲನೇ ಹಗೇವಿಗೆ ಇಳಿದವಳ ಮೊಣಕೈ ತರಚಿದ್ದು, ಎರಡನೆಯದರ ಕೆಟ್ಟ ಗಾಳಿಗೆ ಕಣ್ಣು ಕತ್ತಲಿಟ್ಟದ್ದು, ಮೂರನೆಯದಕ್ಕೆ ಸೊಂಟಕ್ಕೆ ಹಗ್ಗ ಕಟ್ಟಿ ಕೇರಿಯ ಹೆಂಗಸರು ಮೇಲೆ ಹಿಡಿದು ನಿಂತದ್ದು, ಏಳನೆಯದರಿಂದ ಅವಳು ಎದ್ದು ಬಂದಾಗ ರೆಪ್ಪೆಯ ಮೇಲೂ ರಾಗಿಯ ಧೂಳು ಕೂತದ್ದು. ಕೊನೆಗೆ, 'ಹಸಿದೂರ ಹಗೇವಿನ ಕಲ್ಲ ಸರಿಸಿದ ಕೈ ಕೆಂಚಿ ಕೈ.' ಉಳಿದ ಮೂವತ್ತೇಳು ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದರು. ಒಂದು ಹಾಡು ಶುರುವಾಗಿ, ನಡೆದು, ಮುಗಿಯುತ್ತದೆ ಎಂಬುದನ್ನು ಅವರು ಈ ಕೋಣೆಯಲ್ಲಿ ಮೊದಲ ಸಲ ನೋಡುತ್ತಿದ್ದರು.

"ಹೊಂಬಾಳೆ ಮೇಡಂ, ಇದು ಸಂಗೀತದ ಪೀರಿಯಡ್ಡಾ?" ಬಾಗಿಲಲ್ಲಿ ಗುರುಮಲ್ಲಪ್ಪನವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಮಕ್ಕಳೇ, ಪೂರ್ತಿ ಹಾಡು ಪರೀಕ್ಷೆಗೆ ಬರಲ್ಲ. ಗೆರೆ ಮೇಲಿಂದು ಮಾತ್ರ ಬರುತ್ತೆ" ಅಂದು ಹೊರಟುಹೋದರು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ದೇವೀರಿ ನಕ್ಷತ್ರದ ಗೆರೆಯ ಮೇಲೆ 'ಕೆಂಚಿ' ಎಂದು ಬರೆದಳು. ಕೊಡವುವ ಗಂಟೆಗೆ ಎದ್ದು ಕೊಡವಿದಳು. ಉದುರಿತು. ಅವಳು ಅಳಲಿಲ್ಲ, ಬೆಂಚಿನ ಕೆಳಗೆ ಬಗ್ಗಿ ನೋಡಿದಳು, ಅಷ್ಟೇ. ನಾನು ಮೇಡಂ ಆಗಿ ಮಾಡಬೇಕಾದದ್ದನ್ನು ಮಾಡಿದೆ. 'ದೊರೆ' ಎಂದು ನೂರು ಸಲ ಬರೆದು ತಾ ಅಂದೆ. ಮಾರನೇ ದಿನ ನೋಟ್‌ಬುಕ್ ತಂದಳು. ಎಣಿಸಿದೆ. ತೊಂಬತ್ತೊಂಬತ್ತು ದೊರೆಗಳು, ನೂರನೆಯ ಜಾಗದಲ್ಲಿ ಬರೀ ಗೆರೆ.

"ಇದೇನೇ?"

"ಕೈ ನೋಯ್ತು ಮಿಸ್."

ಅವಳನ್ನು ವರಾಂಡಕ್ಕೆ ಕರೆದೆ. "ನೋಡು ಮಗಾ, ಎರಡೇ ಅಕ್ಷರ. ಬರೆದು ಬಿಸಾಕು. ಕಾಲೇಜಿಗೆ ಹೋದ ಮೇಲೆ ನಿನಗೆ ಬೇಕಾದ್ದು ಬರಿ, ಬೇಕಾದ್ದು ಹಾಡು, ಯಾರು ಬೇಡ ಅಂತಾರೆ? ಈಗ ಹಠ ಮಾಡಿದ್ರೆ ಜೂನಿಂದ ಇದೇ ವರಾಂಡ ಗುಡಿಸ್ತೀಯ."

ಅವಳು ಕಂಬದ ಸುಣ್ಣ ಉಗುರಿನಲ್ಲಿ ಕೆರೆಯುತ್ತ, "ನಿಮ್ಮ ವರ್ಷದಲ್ಲಿ ನೀವೇನು ಬರೆದಿದ್ರಿ ಮಿಸ್?" ಅಂದಳು.

"ದೊರೆ ಅಂತಲೇ. ಇನ್ನೇನು?" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಗೆರೆಯ ಮೇಲೆ ಬರೆದಿದ್ದರೂ ಉದುರುತ್ತಿರಲಿಲ್ಲವೇನೋ.

ಭಾನುವಾರ ಸಣ್ಣತಾಯವ್ವನ ಮನೆಗೆ ಹೋದೆ. ಮೊಮ್ಮಗಳಿಗೆ ಬುದ್ಧಿ ಹೇಳು ಅನ್ನಲು ಹೋದದ್ದು. ಅವಳು ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ದೇವೀರಿ ನೀರಿಗೆ ಹೋಗಿದ್ದಳು.

"ನಾನು ಹೇಳಿಲ್ಲ ಅಂದ್ಕೊಂಡ್ಯಾ ಹೊಂಬಾಳೆ? ನಾಲಿಗೆ ಸವೆಯೋ ಹಂಗೆ ಹೇಳಿದೀನಿ. ಬರಿಯವ್ವ, ದೊರೆ ಅಂತ ಬರಿ, ನಿನ್ನ ಗಂಟೇನು ಹೋಗ್ತದೆ, ಸತ್ತ ದೊರೆ ಎದ್ದು ಬಂದು ನಿನ್ನ ಕೈ ಹಿಡೀತಾನಾ ಅಂತ." ಒಂದು ಕಾಯಿ ಸೀಳಿದಳು. "ಹಾಡು ಹೇಳ್ಕೊಟ್ಟದ್ದು ನನ್ನ ತಪ್ಪು. ಮಗು ಮಲಗಲ್ಲ ಅಂತ ಹಾಡ್ದೆ. ಅದು ಮಲಗ್ಲೂ ಇಲ್ಲ, ಹಾಡು ಬಿಡ್ಲೂ ಇಲ್ಲ."

"ಕೆಂಚಿ ಹೆಸರು ಪುಸ್ತಕದಿಂದ ಯಾಕೆ ಹೋಯ್ತು ಸಣ್ಣತಾಯವ್ವ? ಗುಡೀನಾದ್ರೂ ಕಟ್ಟಬೋದಿತ್ತಲ್ಲ."

ಅವಳು ನಕ್ಕಳು. ಮುಂದಿನ ಎರಡು ಹಲ್ಲು ಇರಲಿಲ್ಲ. "ಹಗೇವಲ್ಲೇ ಉಸಿರುಕಟ್ಟಿ ಸತ್ತಿದ್ರೆ ಗುಡಿ ಕಟ್ಟಿ ಅರಿಶಿನ ಕುಂಕುಮ ಬಳಿದು ಕೈ ತೊಳ್ಕೊಳ್ತಿದ್ರು. ಸಾಯ್ಲಿಲ್ಲ ಆ ಮುಂಡೇದು! ಮಾರನೇ ದಿನ ಎದ್ದು ದೊರೆ ಬಾಗ್ಲಿಗೆ ಹೋಗಿ, ಬುದ್ದೀ, ಮುಂದಿನ ಸುಗ್ಗೀಲಿ ಹಗೇವು ತುಂಬೋವಾಗ ನಮ್ಮ ಕೇರಿ ಪಾಲು ಎಷ್ಟು ಅಂತ ಕೇಳಿದ್ಲಂತೆ. ಅದಕ್ಕೇ ಹೆಸರು ಕಿತ್ತಾಕಿದ್ರು. ಸತ್ತೋಳನ್ನ ಪೂಜೆ ಮಾಡ್ಬೋದು. ಪಾಲು ಕೇಳೋಳನ್ನ ಏನ್ ಮಾಡ್ತೀಯ?"

ಎದ್ದು ಒಳಗೆ ಹೋಗಿ, ಅಟ್ಟದಿಂದ ಒಂದು ತಗಡಿನ ಬಿಸ್ಕತ್ತು ಡಬ್ಬಿ ಇಳಿಸಿ ತಂದಳು. ಮುಚ್ಚಳ ತೆಗೆದಳು. ಒಳಗೆ ಹತ್ತಿ, ಹತ್ತಿಯ ಮೇಲೆ ಸಣ್ಣ ಸಣ್ಣ ನೀಲಿ ಹುರುಪೆಗಳು. ಕೆಲವು ಪೆನ್ಸಿಲಿನವು, ಒಂದೆರಡು ಹಸಿರು ಶಾಯಿಯವು. ನಾನು ಬಾಗಿ ನೋಡಿದೆ. ಕೆಂಚಿ. ಪಕ್ಕದ್ದು ನೋಡಿದೆ. ಕೆಂಚಿ. ಗುಂಡಗಿನ ಕೆಂಚಿ, ಬಾಲ ಎಳೆದ ಕೆಂಚಿ, ಅವಸರದ ಕೆಂಚಿ, ಒತ್ತಿ ಒತ್ತಿ ಬರೆದು ಮಧ್ಯೆ ಹರಿದುಹೋದ ಕೆಂಚಿ. ಎಣಿಸುತ್ತಾ ಹೋದೆ. ಇನ್ನೂರು ದಾಟಿದ ಮೇಲೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು.

"ನನಗೆ ಓದಕ್ಕೆ ಬರಲ್ಲ ಮಗಾ. ಆದ್ರೆ ಇದೊಂದು ಮಾತಿನ ಮುಖ ಗುರ್ತು ಸಿಕ್ಬಿಡ್ತು. ಪ್ರತಿ ವರ್ಷ ಪ್ರಿಪರೇಟರೀಲಿ ಐದಾರು ಜನ ಬರೀತಾರೆ. ಉದುರುತ್ತೆ. ಪಬ್ಲಿಕ್ಕಲ್ಲಿ ಒಬ್ರೂ ಬರಿಯಲ್ಲ. ನಾನೊಬ್ಬಳೇ ತಪ್ಪು ಮಾಡಿದ್ದು ಅಂದ್ಕೊಂಡು ಒಬ್ಬೊಬ್ರೂ ತೆಪ್ಪಗಾಗ್ತೀರ." ಹತ್ತಿಯ ಒಂದು ಮೂಲೆ ಸರಿಸಿ ಬೆರಳಿಟ್ಟಳು. "ಇದು ನಿಂದು."

ನನ್ನದೇ. ಹದಿನಾರನೇ ವಯಸ್ಸಿನ ನನ್ನ 'ಕೆ'. ಆಗ ನಾನು ಎತ್ವದ ತುದಿಯನ್ನು ಗುಬ್ಬಿ ಕೊಕ್ಕಿನಂತೆ ಮೇಲಕ್ಕೆ ತಿರುಗಿಸುತ್ತಿದ್ದೆ. ಆಮೇಲೆ ಯಾವಾಗಲೋ ಬಿಟ್ಟುಹೋಗಿದೆ. ಮೂವತ್ನಾಲ್ಕು ವರ್ಷ ಈ ಹೆಂಗಸು ಅದನ್ನು ಹತ್ತಿಯಲ್ಲಿಟ್ಟು ಕಾಪಾಡಿದ್ದಳು, ನಾನು ದಿನಾ ಅವಳ ಮುಂದೆ ಹಾದು ಹೋಗಿ 'ದೊರೆ' ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ.

"ಇದು ಗುರ್ತು ಸಿಗ್ತದಾ?" ಅವಳು ಇನ್ನೊಂದು ಎತ್ತಿದಳು. ಕಪ್ಪು ಶಾಯಿ, ಮುತ್ತು ಪೋಣಿಸಿದಂಥ ಅಕ್ಷರ. ಆ ಅಕ್ಷರ ನನಗೆ ಗೊತ್ತು, ಇಪ್ಪತ್ತೆರಡು ವರ್ಷದಿಂದ ನನ್ನ ರಜೆಯ ಅರ್ಜಿಗಳ ಮೇಲೆ ಅದರಲ್ಲೇ 'ಮಂಜೂರು' ಎಂದು ಬರೆದಿದೆ. "ನಾನು ಕೆಲಸಕ್ಕೆ ಸೇರಿದ ಮೊದಲ್ನೇ ವರ್ಷದ್ದು. ಗಾಣದ ಬೀದಿ ಹುಡುಗ. ಅವರವ್ವ ನಮ್ಮ ಕೇರಿ ಹೆಂಗಸರ ಜತೆ ರಾಗಿ ಬೀಸ್ತಾ ಪದ ಹೇಳೋಳು. ಉದುರಿದ್ದು ನೋಡಿ ಮೂಗು ಕೆಂಪಗೆ ಮಾಡ್ಕೊಂಡು ಅತ್ತಿದ್ದ. ಈ ಎರಡನ್ನೂ ತಗೊಂಡು ಹೋಗು. ಅವರದು ಅವರಿಗೆ ಕೊಡು. ಜೂನಿಗೆ ರಿಟೇರಾಗ್ತೀನಿ, ಮಂದಿ ಸಾಮಾನು ನನಗ್ಯಾಕೆ? ಆದ್ರೆ ದೇವೀರಿಗೆ ಈ ಡಬ್ಬಿ ವಿಷ್ಯ ಹೇಳ್ಬೇಡ. ಹೇಳಿದ್ರೆ ಇನ್ನೂ ಹಠಕ್ಕೆ ಬೀಳ್ತಾಳೆ. ಕೆಂಚಿ ನನ್ನ ಡಬ್ಬೀಲಿ ಬೆಚ್ಚಗಿದಾಳೆ. ಹುಡುಗಿ ಪಾಸಾಗ್ಲಿ."

"ದೊರೆ ಅನ್ನೋದು ಯಾಕೆ ನಿಲ್ಲುತ್ತೆ ಸಣ್ಣತಾಯವ್ವ, ಸುಳ್ಳಾದ್ರೂ?"

"ಕಾಗದಕ್ಕೇನವ್ವಾ ಗೊತ್ತು. ಅಭ್ಯಾಸ ಆಗಿದ್ದನ್ನ ಹಿಡ್ಕೊತದೆ. ನನ್ನ ಕೈ ಪೊರಕೆ ಹಿಡ್ಕೊಂಡ ಹಂಗೆ."

ಡಬ್ಬಿಯ ಮಾತನ್ನು ನಾನು ದೇವೀರಿಗೆ ಹೇಳಲಿಲ್ಲ. ಆದರೆ ಸೋಮವಾರ ಕೊನೆಯ ಬೆಲ್ ಹೊಡೆದ ಮೇಲೆ ಅವಳನ್ನು ನಿಲ್ಲಿಸಿಕೊಂಡು, "ಅವತ್ತು ನಿನಗೆ ಸುಳ್ಳು ಹೇಳ್ದೆ. ನಾನೂ ಕೆಂಚಿ ಅಂತಲೇ ಬರೆದಿದ್ದೆ. ಉದುರ್ತು" ಅಂದೆ.

"ಆಮೇಲೆ?"

"ಆಮೇಲೆ ಪಬ್ಲಿಕ್ಕಲ್ಲಿ ದೊರೆ ಅಂತ ಬರೆದೆ."

"ಅದು ಉದುರ್ಲಿಲ್ವಾ?"

"ಇಲ್ಲ. ಇವತ್ತಿನ ತನಕ ಉದುರಿಲ್ಲ, ಇಲ್ಲೇ ಇದೆ" ಎಂದು ಎದೆ ಮುಟ್ಟಿಕೊಂಡೆ. ಯಾಕೆ ಮುಟ್ಟಿಕೊಂಡೆನೋ.

ಅವಳು ಬ್ಯಾಗಿನ ಪಟ್ಟಿ ತಿರುಚಿದಳು. "ಮಿಸ್, ನಿಮ್ಮ ಹಾಳೆ ಕೊಡವಿದ್ದು ಯಾರು?"

"ಯಾರು ಅಂದ್ರೆ? ಗಂಟೆ ಹೊಡೀತು, ನಾನೇ ಕೊಡವಿದೆ."

"ಹ್ಞೂಂ" ಅಂದಳು. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಗುರುಮಲ್ಲಪ್ಪನವರಿಗೆ ಅವರ ಪದವನ್ನು ಒಂದು ಮಡಿಸಿದ ಕಾಗದದಲ್ಲಿಟ್ಟು ಕೊಟ್ಟೆ. ಬಿಚ್ಚಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಯಾರು ಕೊಟ್ಟರು ಎಂದು ಕೇಳಲಿಲ್ಲ. ಮಡಿಸಿ ಮೇಲುಜೇಬಿಗೆ ಇಟ್ಟುಕೊಂಡು, "ಹಾಜರಿ ಪುಸ್ತಕ ಕಳಿಸಿ ಮೇಡಂ" ಅಂದರು. ನನಗೆ ಸಿಟ್ಟು ಬಂತು. ಇಂಥವರ ಮೌನವೇ ಅಲ್ಲವೇ ನಮ್ಮ ಕೇರಿಯ ಮಾತುಗಳನ್ನೆಲ್ಲ ನೆಲಕ್ಕೆ ಹಾಕಿದ್ದು ಎಂದು ಬೈದುಕೊಂಡೆ. ಆ ಮೌನದಲ್ಲಿ ನನ್ನ ಪಾಲೂ ಇತ್ತು ಎಂಬುದು ನೆನಪಾಗಿ ಹಾಜರಿ ಪುಸ್ತಕ ಕಳಿಸಿದೆ.

ಪಬ್ಲಿಕ್ ಪರೀಕ್ಷೆಯ ದಿನ ಬಿಸಿಲು ಕಾದ ಹಂಚಿನಂತಿತ್ತು. ಪದಗಳು ಹಾರುತ್ತವೆಂದು ಫ್ಯಾನು ಹಾಕುವಂತಿರಲಿಲ್ಲ. ಕೋಣೆಯಲ್ಲಿ ಮೂವತ್ತೆಂಟು ಮಕ್ಕಳ ಬೆವರಿನ ವಾಸನೆ. ಮೇಲ್ವಿಚಾರಣೆಗೆ ನಾನು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಕೊಡೆ ಒರಗಿಸಿ ಗುರುಮಲ್ಲಪ್ಪನವರು. ಹೊರಗೆ ಮೊರ, ಪೊರಕೆ ಹಿಡಿದು ಸಣ್ಣತಾಯವ್ವ. ಎರಡನೇ ಗಂಟೆ ಹೊಡೆದಾಗ ನಾನು ಸಾಲುಗಳ ನಡುವೆ ನಡೆಯುತ್ತ ದೇವೀರಿಯ ಹಾಳೆಯತ್ತ ಓರೆಗಣ್ಣು ಹಾಯಿಸಿದೆ. ನಕ್ಷತ್ರದ ಗೆರೆಯ ಮೇಲೆ ಕೆಂಚಿ ಕೂತಿದ್ದಳು. ಹೋಯಿತು, ಹುಡು‌ಗಿಯ ಕಾಲೇಜು ಹೋಯಿತು ಎಂದುಕೊಂಡೆ.

ಮೂರನೇ ಗಂಟೆ ಹೊಡೆಯಿತು. ಬೆಂಚುಗಳು ಕಿರುಗುಟ್ಟಿದವು, ಎಲ್ಲರೂ ಎದ್ದರು. ದೇವೀರಿಯೂ ಎದ್ದಳು. ಹಾಳೆಯನ್ನು ಎರಡು ಅಂಗೈಗಳ ಮೇಲೆ ರೊಟ್ಟಿಯಂತೆ ಅಗಲವಾಗಿ ಇಟ್ಟುಕೊಂಡು ಸುಮ್ಮನೆ ನಿಂತಳು.

"ಕೊಡವಮ್ಮ" ಅಂದರು ಗುರುಮಲ್ಲಪ್ಪನವರು.

"ಇಲ್ಲ ಸರ್."

"ಏನು ಇಲ್ಲ?"

"ಬೀಳೋದಾದ್ರೆ ತಾನೇ ಬೀಳ್ಲಿ ಸರ್. ನಾನ್ಯಾಕೆ ಬೀಳಿಸ್ಲಿ?"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ, ನಾನು, ನನ್ನ ಹಿಂದಿನವರು, ಡಬ್ಬಿಯಲ್ಲಿದ್ದ ಆ ಇನ್ನೂರು ಚಿಲ್ಲರೆ ಕೈಗಳು, ಒಬ್ಬರೂ ಬಿಡದಂತೆ ನಮ್ಮ ಮಾತನ್ನು ನಮ್ಮ ಕೈಯಾರೆ ಕೊಡವಿ ನೆಲಕ್ಕೆ ಹಾಕಿದ್ದೆವು. ಯಾರೂ ನಮ್ಮ ಹಾಳೆಯನ್ನು ಕಿತ್ತುಕೊಂಡಿರಲಿಲ್ಲ. ಬರೀ ಗಂಟೆ ಹೊಡೆದಿದ್ದರು.

"ನಿಯಮ ಇದೆಯಮ್ಮ" ಅಂದರು ಹೆಡ್‌ಮೇಷ್ಟ್ರು. ದನಿಯಲ್ಲಿ ಬಿರುಸಿರಲಿಲ್ಲ.

ಹಿಂದಿನಿಂದ ವೀರಭದ್ರ, "ಸರ್, ನಾನೂ ಕೊಡವಲ್ಲ. ನಂದು ಕೊಡವಿದ್ರೆ ಬರೀ ಹಾಳೆ ಉಳಿಯೋದು!" ಎಂದ. ಯಾರೋ ಕಿಸಕ್ಕೆಂದರು. ಆಮೇಲೆ ಒಂದು ಸಾಲು, ಇನ್ನೊಂದು ಸಾಲು, ನೋಡನೋಡುತ್ತಿದ್ದಂತೆ ಮೂವತ್ತೆಂಟು ಮಕ್ಕಳೂ ಹಾಳೆಯನ್ನು ಅಂಗೈ ಮೇಲಿಟ್ಟುಕೊಂಡು ನಿಂತಿದ್ದರು. ಗುರುಮಲ್ಲಪ್ಪನವರು ನನ್ನ ಮುಖ ನೋಡಿದರು. ನಾನು ಕೊಡವಿ ಎಂದು ಹೇಳಬೇಕಿತ್ತು, ಅದು ನನ್ನ ಕೆಲಸ. ನಾನು ಒಂದೊಂದೇ ಹಾಳೆಯನ್ನು ಮಲಗಿದ್ದಂತೆಯೇ ಎತ್ತಿ, ಹಲಗೆಯ ಮೇಲೆ ಒಂದರ ಮೇಲೊಂದು ಇಡುತ್ತ ಬಂದೆ.

"ಇದನ್ನ ಆಟೋದಲ್ಲಿ ಹಾಕಿದ್ರೆ ಮಿಲ್ಲಿನ ತಿರುವು ದಾಟೋದ್ರೊಳಗೆ ಎಲ್ಲ ಉದುರುತ್ತೆ" ಅಂದರು ಅವರು, ಯಾರಿಗೂ ಅಲ್ಲ ಎಂಬಂತೆ.

"ಆಟೋ ಯಾಕೆ ಬುದ್ದಿ?" ಬಾಗಿಲಲ್ಲಿ ಸಣ್ಣತಾಯವ್ವ ಪೊರಕೆಯನ್ನು ಗೋಡೆಗೆ ಒರಗಿಸುತ್ತಿದ್ದಳು. ಮೊಮ್ಮಗಳನ್ನು ದುರುಗುಟ್ಟಿ ನೋಡಿ, "ಹೇಳಿದ ಮಾತು ಕೇಳೋ ಜಾತಿಯಲ್ಲ ಇದು" ಎಂದು ಗೊಣಗಿ, ಸೆರಗನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು. "ಬಾಯಿತನಕ ತುಂಬಿದ ಕೊಡ ಹೊತ್ತು ಒಂದು ತೊಟ್ಟು ಚೆಲ್ಲದೆ ಗುಡ್ಡ ಹತ್ತಿದೀನಿ. ಕಾಗದ ಏನ್ ಮಹಾ. ಎತ್ತವ್ವಾ ಹೊಂಬಾಳೆ."

ಎತ್ತಿದೆ. ಹಲಗೆ ಸಿಂಬೆಯ ಮೇಲೆ ಕೂತಿತು. ಅವಳು ಕೈ ಬಿಟ್ಟಳು.

ಒಂದೂವರೆ ಮೈಲಿ. ಮುಂದೆ ಅವಳು, ಹಿಂದೆ ನಾನು, ದೇವೀರಿ, ಮಕ್ಕಳು. ಶಾಲೆಯ ಮೊಹರು ಹಾಕಬೇಕಾದವರು ಅವರೇ ಆದ್ದರಿಂದ ಗುರುಮಲ್ಲಪ್ಪನವರೂ ಬಂದರು. ಮೊದಲು ಜನಕ್ಕೆ ಏನೆಂದು ತಿಳಿಯಲಿಲ್ಲ. ಯಾರೋ ಹುಡುಗಿ ತನ್ನ ತಾಯಿಗೆ, "ಅವ್ವಾ, ಕೊಡವಿಲ್ಲ, ಒಂದೂ ಉದುರಿಲ್ಲ!" ಎಂದು ಕೂಗಿದಳು. ಸುದ್ದಿ ನಮಗಿಂತ ಮುಂದೆ ಓಡಿತು. ಹಿಟ್ಟಿನ ಗಿರಣಿಯವನು ನೆಲ ಅದುರಬಾರದೆಂದು ಯಂತ್ರ ನಿಲ್ಲಿಸಿದ. ರಾಗಿ ಅರ್ಧ ಬೀಸಿ ನಿಲ್ಲಿಸಿದನೆಂದು ಜಗಳಕ್ಕೆ ನಿಂತಿದ್ದ ಹೆಂಗಸರು ಅದನ್ನು ಬಿಟ್ಟು ಹೊರಗೆ ಬಂದರು. ಟೀ ಅಂಗಡಿಯವನು ಬೊಗಳುವ ನಾಯಿಯ ಬಾಯಿ ಹಿಡಿದು ಕೂತ. ಮೇಲಿನ ಬೀದಿಯ ಜಗಲಿಗಳಿಂದ ಒಂದಿಬ್ಬರು, "ಇದೆಲ್ಲ ಕೇರಿಯವರ ಕಿತಾಪತಿ" ಎಂದದ್ದೂ ಕಿವಿಗೆ ಬಿತ್ತು. ಅವರ ಮನೆಯ ಮಕ್ಕಳ ಹಾಳೆಯೂ ಅದೇ ತಲೆಯ ಮೇಲಿತ್ತು, ಹಾಗಾಗಿ ಮೆಲ್ಲಗೆ ಅಂದರು. ಸಣ್ಣತಾಯವ್ವ ಯಾರನ್ನೂ ನೋಡಲಿಲ್ಲ. ಅವಳ ಸೊಂಟ ಮಾತ್ರ ಆಡುತ್ತಿತ್ತು, ಕುತ್ತಿಗೆ ಕಲ್ಲಿನ ಕಂಬ. ಕೆಂಚಿ ಬುಟ್ಟಿ ಹೊತ್ತದ್ದೂ ಹೀಗೇ ಇರಬೇಕು ಎನಿಸಿತು.

ಬಯಲಿನ ಹತ್ತಿರ ಬಂದಾಗ ಪಕ್ಕದಿಂದ ಬಿಸಿಗಾಳಿ ಬೀಸಿತು. ಮೇಲಿನ ಹಾಳೆಯ ಅಂಚು ಪಟಪಟ ಎಂದಿತು. ದೇವೀರಿ ಬಾಯಿಗೆ ಕೈ ಅಡ್ಡ ಹಿಡಿದಳು. ಗುರುಮಲ್ಲಪ್ಪನವರು ಸರಸರ ಮುಂದೆ ಹೋಗಿ, ಕೊಡೆ ಬಿಚ್ಚಿ, ಗಾಳಿ ಬರುವ ಕಡೆಗೆ ಅಡ್ಡ ಹಿಡಿದು, ಸಣ್ಣತಾಯವ್ವನ ಹೆಜ್ಜೆಗೆ ಹೆಜ್ಜೆ ಹಾಕತೊಡಗಿದರು. ನಾನು ನೋಡಿದೆ. "ಬಿಸಿಲು ಜಾಸ್ತಿ" ಅಂದರು. ಅವರ ಬೋಳುತಲೆ ಪೂರ್ತಿ ಬಿಸಿಲಲ್ಲೇ ಇತ್ತು.

ಮೌಲ್ಯಮಾಪನದ ಕಚೇರಿಯಲ್ಲಿ ಇದ್ದದ್ದು ಒಬ್ಬ ಗುಮಾಸ್ತ, ಒಂದು ಮೇಜು, ಒಂದು ದೊಡ್ಡ ಕಬ್ಬಿಣದ ಠಸ್ಸೆ. ಆತ ಹಾಳೆಗಳ ಮೇಲೆ ಕಣ್ಣು ಹಾಯಿಸಿ ಗಾಬರಿಯಾದ. "ಇದೇನ್ರೀ, ಒಂದೂ ಬಿಟ್ಟ ಸ್ಥಳ ಖಾಲಿ ಇಲ್ಲ! ಕೊಡವಿಲ್ವಾ?"

"ಇಲ್ಲ."

"ಹಾಗಾದ್ರೆ ನಾನು..." ಎಂದು ಮೇಲಿನ ಹಾಳೆಗೆ ಕೈ ಹಾಕಿದ.

"ನಿಯಮದ ಪುಸ್ತಕ ತೆಗೀರಿ" ಅಂದರು ಗುರುಮಲ್ಲಪ್ಪನವರು. ಪುಸ್ತಕ ತೆಗೆದ. ಕೊಡವುವುದು ವಿದ್ಯಾರ್ಥಿಯ ಕೆಲಸ ಎಂದಷ್ಟೇ ಇತ್ತು. ಮಾಪಕ ಎಣಿಸತಕ್ಕದ್ದು, ಠಸ್ಸೆ ಹಾಕತಕ್ಕದ್ದು. ಕೊಡವದಿದ್ದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ, ಅಂಥದ್ದು ನಡೆಯಬಹುದೆಂದು ಯಾರಿಗೂ ತೋಚಿರಲಿಲ್ಲ.

ಆತ ಎಣಿಸುತ್ತ, ಒಂದೊಂದು ಹಾಳೆಗೂ ಠಸ್ಸೆ ಹೊಡೆಯುತ್ತ ಹೋದ. ಪ್ರತಿ ಏಟಿಗೂ ಮೇಜು ಧಡ್ ಎಂದು ಅದುರುತ್ತಿತ್ತು. ವೀರಭದ್ರನ ಹಾಳೆಯ ಮೇಲೆ ಬಿದ್ದ ಏಟಿಗೆ ಅವನ ಒಂಬತ್ತು ಉತ್ತರಗಳು ಹುರಿದ ಸಾಸಿವೆಯಂತೆ ಎಗರಿ ನೆಲಕ್ಕೆ ಬಿದ್ದವು. "ಪರವಾಗಿಲ್ಲ ಬಿಡಿ, ನಕ್ಷತ್ರ ನಿಂತಿದೆ" ಎಂದು ಅವನೇ ಸಮಾಧಾನ ಮಾಡಿಕೊಂಡ. ದೇವೀರಿಯ ಹಾಳೆ ಬಂತು. ಆತ ಕೊನೆಯ ಗೆರೆಯ ಹತ್ತಿರ ಬೆರಳು ನಿಲ್ಲಿಸಿದ. "ಬೇರೆ ಎಲ್ಲದರಲ್ಲೂ ದೊರೆ. ಇಲ್ಲಿ ಇನ್ನೇನೋ ಇದೆಯಲ್ಲ?"

"ನೀವು ಎಣಿಸಿ" ಅಂದರು ಗುರುಮಲ್ಲಪ್ಪನವರು. ಅವರ ಕೈ ಮೇಲುಜೇಬಿನ ಮೇಲಿತ್ತು. "ಓದೋದು ನಿಮ್ಮ ಕೆಲಸ ಅಲ್ಲ."

ಗುಮಾಸ್ತ ಠಸ್ಸೆ ಎತ್ತಿದ. ದೇವೀರಿ ಕಣ್ಣು ಮುಚ್ಚಿಕೊಳ್ಳಲಿಲ್ಲ, ನಾನು ಮುಚ್ಚಿಕೊಂಡೆ. ಧಡ್.

ಕಣ್ಣು ತೆರೆದಾಗ ಎರಡು ಪದಗಳು ಬಿದ್ದಿದ್ದವು. ಒಂದು ಮೂರನೇ ಗೆರೆಯದು, ಒಂದು ಇಪ್ಪತ್ತೊಂದನೆಯದು. ಕೆಂಚಿ ಮೇಜಿನ ಅದುರಿಗೆ ಒಮ್ಮೆ ತಲೆ ಎತ್ತಿದಂತೆ ಮಾಡಿ, ಮತ್ತೆ ಗೆರೆಯ ಮೇಲೆ ಕೂತಳು. "ಮೂವತ್ತೆಂಟು. ನಕ್ಷತ್ರ ಇದೆ. ಪಾಸ್" ಎಂದು ಆತ ಮುಂದಿನ ಹಾಳೆ ಎಳೆದುಕೊಂಡ.

ಅಂಗಳದಲ್ಲಿ ಸಣ್ಣತಾಯವ್ವ ಸಿಂಬೆ ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಕೂತಿದ್ದಳು. "ನಿಂತಿತಾ?" ಅಂದಳು.

"ನಿಂತಿತು."

"ಹಂಗಾದ್ರೆ ಬರೋ ವರ್ಷದಿಂದ ಗುಡಿಸೋದು ಕಮ್ಮಿ" ಎಂದು ಎದ್ದು ಮಂಡಿ ಕೊಡವಿಕೊಂಡಳು. ದೇವೀರಿ ಅವಳ ಕುತ್ತಿಗೆಗೆ ಜೋತುಬಿದ್ದಾಗ, "ಬಿಡೇ, ಮೊದಲೇ ನೋಯ್ತಾ ಐತೆ" ಅಂದಳು. ಬಿಡಿಸಿಕೊಳ್ಳಲಿಲ್ಲ.

ಜೂನಿನಲ್ಲಿ ದೇವೀರಿ ನದಿ ದಾಟಿದಳು. ಡ್ರಾದಲ್ಲಿದ್ದ ಅರ್ಜಿಯನ್ನು ಗುರುಮಲ್ಲಪ್ಪನವರು ನನ್ನೆದುರೇ ಹರಿದರು. ಆ ಕೆಲಸಕ್ಕೆ ನಮ್ಮ ಕೇರಿಯಿಂದ ಇನ್ನು ಯಾರೂ ಬರುವುದಿಲ್ಲ ಎಂದು ನಾವೆಲ್ಲ ಸೇರಿ ಹೇಳಿದ್ದೆವು, ಬೇರೆ ಬೀದಿಯಿಂದ ಬರಲು ಯಾರೂ ಒಪ್ಪಲಿಲ್ಲ. ಈಗ ಶಾಲೆಯನ್ನು ಸರದಿಯ ಮೇಲೆ ಪಾಠ ಹೇಳುವ ನಾವೇ ಗುಡಿಸುತ್ತೇವೆ. ಗುರುವಾರ ಹೆಡ್‌ಮೇಷ್ಟ್ರದು. ಮೂಲೆಯ ಕಸ ಬಿಟ್ಟುಬಿಡುತ್ತಾರೆ, ಶುಕ್ರವಾರ ನನ್ನದಾದ್ದರಿಂದ ನನಗೆ ಗೊತ್ತು. ಹಗೇವಿನ ಪದವನ್ನು ನಾನು ಪೂರ್ತಿ ಹಾಡಿಸುತ್ತೇನೆ. ಕೊಡವುವ ಗಂಟೆ ಈಗಲೂ ಹೊಡೆಯುತ್ತದೆ. ಕೆಲವರು ಕೊಡವುತ್ತಾರೆ, ಕೆಲವರು ಅಂಗೈ ಮೇಲಿಟ್ಟುಕೊಂಡು ನಿಲ್ಲುತ್ತಾರೆ.

ಸಣ್ಣತಾಯವ್ವ ಕೊಟ್ಟ ನನ್ನ ಪದ, ಅವತ್ತು ಸುತ್ತಿಕೊಂಡು ಬಂದ ಕರವಸ್ತ್ರದಲ್ಲೇ ಇನ್ನೂ ಇತ್ತು. ಮೊನ್ನೆ ಒಂದು ಬಿಳಿ ಹಾಳೆ ತೆಗೆದು, ಸ್ಕೇಲಿಟ್ಟು ಒಂದಿಂಚಿನ ಗೆರೆ ಎಳೆದು, ಅದನ್ನು ಸೂಜಿಯ ತುದಿಯಿಂದ ಎತ್ತಿ ಆ ಗೆರೆಯ ಮೇಲೆ ಇಟ್ಟೆ. ಗುಬ್ಬಿ ಕೊಕ್ಕಿನ 'ಕೆ' ಮೇಲಕ್ಕೆ ನೋಡುತ್ತಿತ್ತು. ಅಷ್ಟರಲ್ಲಿ ಶಾಲೆಯ ಕಡೆಯಿಂದ ಯಾವುದೋ ಪೀರಿಯಡ್ಡಿನ ಗಂಟೆ ಕೇಳಿತು, ನನ್ನ ಎರಡೂ ಕೈ ತಾವಾಗಿ ಹಾಳೆಯ ತುದಿಗಳಿಗೆ ಹೋದವು. ಹಿಂದಕ್ಕೆ ಎಳೆದುಕೊಂಡು, ಮಡಿಲಲ್ಲಿ ಕಟ್ಟಿಕೊಂಡು ಕೂತೆ.